ಕಳೆದುಹೋದ ವಸ್ತುಗಳ ಕೌಂಟರು

ಡಂಡೀ ಬಸ್‌ಸ್ಟ್ಯಾಂಡಿನ ಹಿಂಬದಿ, ಕಿಟಕಿಯಿಲ್ಲದ ಕೋಣೆ.
ಜನ ಮರೆತು ಹೋದದ್ದನ್ನೆಲ್ಲ ಕಾಯುವುದು ನನ್ನ ಕೆಲಸ.
ಒಂಟಿ ಕೈಗವಸು ನಲವತ್ತೊಂದು, ಊರುಗೋಲು ಮೂರು,
ಹಲ್ಲಿನ ಸೆಟ್ಟು ಒಂದು, ಡಬ್ಬಿಯೊಳಗೇ ನಗುತ್ತಿದೆ.
ಎಲ್ಲಕ್ಕೂ ಚೀಟಿ, ಎಲ್ಲಕ್ಕೂ ತಾರೀಖು.
ನನ್ನ ಮನೆಯ ಕೀಲಿ ಮಾತ್ರ
ಈ ತಿಂಗಳಲ್ಲಿ ಎರಡನೆಯ ಸಲ
ಫ್ರಿಜ್ಜಿನಲ್ಲಿ ಸಿಕ್ಕಿತು, ಬೆಣ್ಣೆಯ ಪಕ್ಕ.

ಫ್ರಿಜ್ಜಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ.
ಹಗಲು ಹಸಿವು ನನ್ನ ಹೆಸರು ಹಿಡಿದು ಕೂಗುವುದಿಲ್ಲ.
ಮಧ್ಯಾಹ್ನದ ಸೂಪು ಮೈಕ್ರೋವೇವಿನಲ್ಲೇ ಆರಿ
ಮರುದಿನ ಯಾರೋ ಬೈದು ಚೆಲ್ಲುತ್ತಾರೆ.
ರಾತ್ರಿ ಹನ್ನೊಂದಕ್ಕೆ,
ಇಡೀ ದಿನದ ಬಾಕಿ ವಸೂಲಿಗೆ ಬಂದವನಂತೆ
ಬಾಗಿಲು ಬಡಿಯುತ್ತದೆ ಹೊಟ್ಟೆ.
ಆ ಹಳದಿ ಬೆಳಕಿನಲ್ಲಿ ನಿಂತೇ ತಿನ್ನುತ್ತೇನೆ,
ಚೀಸು, ನಿನ್ನೆಯ ಆಲೂಗಡ್ಡೆ, ಮಗನ ಕೇಕಿನ ಅಂಚು.
ತಿನ್ನುವಷ್ಟು ಹೊತ್ತು
ತಲೆಯೊಳಗಿನ ಹದಿನಾಲ್ಕು ರೇಡಿಯೋ ಒಟ್ಟಿಗೆ ಸುಮ್ಮನಾಗುತ್ತವೆ.
ಆ ಮೌನಕ್ಕೆ ಎಷ್ಟು ಕ್ಯಾಲೊರಿ ಅಂತ
ಯಾವ ಪೊಟ್ಟಣದ ಮೇಲೂ ಬರೆದಿಲ್ಲ.

ನೂರಾ ಹದಿನೆಂಟು ಕಿಲೋ.
ಇಪ್ಪತ್ತು ವರ್ಷ, ನಾಲ್ಕು ಡಾಕ್ಟರು, ಒಂದೇ ಮಾತು:
ಇಶ್ಬೆಲ್, ಮನಸ್ಸು ಮಾಡಬೇಕು.
ಮನಸ್ಸಿದ್ದರೆ ಮಾರ್ಗ. ಸರಿ.
ನನ್ನ ಮನಸ್ಸಿಗೆ ಮಾರ್ಗಗಳಿಗೇನು ಕೊರತೆ,
ಹತ್ತು ಹೆಜ್ಜೆಗೊಂದು ಕವಲು.
ನಡೆಯಲೆಂದು ಶೂ ಕೊಂಡೆ; ಸದ್ಯಕ್ಕೆ ಎಡಗಾಲಿನದು ಸಿಕ್ಕಿದೆ.
ಬೀಪಿ ಮಾತ್ರೆ ನುಂಗಿದೆನೋ ಇಲ್ಲವೋ
ಎಂಬ ಅನುಮಾನವನ್ನೇ ನುಂಗಿ ಮಲಗುತ್ತೇನೆ.
ನಿದ್ದೆಯಲ್ಲಿ ಉಸಿರು ನಿಲ್ಲುತ್ತದಂತೆ,
ಯಂತ್ರ ಕೊಟ್ಟಿದ್ದಾರೆ, ಆನೆ ಸೊಂಡಿಲಿನಂಥ ಕೊಳವೆ.
ನಿದ್ದೆಗೆಟ್ಟ ಮಿದುಳು ಸಕ್ಕರೆಯನ್ನು ಕೇಳುತ್ತದೆ,
ಸಕ್ಕರೆ ಏರಿದ ರಕ್ತ ಡಾಕ್ಟರನ್ನು ಕೇಳುತ್ತದೆ,
ಡಾಕ್ಟರು ಮತ್ತೆ ಮನಸ್ಸನ್ನು ಕೇಳುತ್ತಾರೆ,
ಅದು...
ಎಲ್ಲಿದ್ದೆ ನಾನು?

ಹಾಂ, ಫಾರಂ.
ಲಾಕ್ಲನ್‌ನ ಶಾಲೆಯಿಂದ ಬಂದದ್ದು. ಅವನಿಗೆ ಒಂಬತ್ತು,
ಕುರ್ಚಿಯನ್ನು ಎರಡೇ ಕಾಲಿನ ಮೇಲೆ ಕೂರಿಸುವವನು.
ವಸ್ತುಗಳನ್ನು ಕಳೆದುಕೊಳ್ಳುತ್ತಾನೆಯೇ? ಮೇಲಿಂದ ಮೇಲೆ.
ಬೇರೆಯವರ ಮಾತಿಗೆ ಅಡ್ಡ ಬಾಯಿ ಹಾಕುತ್ತಾನೆಯೇ? ಮೇಲಿಂದ ಮೇಲೆ.
ಏಳನೆಯ ಪ್ರಶ್ನೆಯಲ್ಲಿ ಪೆನ್ನು ನಿಂತಿತು.
ಗುರುತು ಹಾಕುತ್ತಿದ್ದದ್ದು ಯಾರಿಗೆ?
ಎಂಬತ್ತೇಳನೆಯ ಇಸವಿಯ ಕೊನೆಯ ಬೆಂಚಿನ ಹುಡುಗಿ,
ಕಿಟಕಿಯಾಚೆ ಟೇ ನದಿಯ ಸೇತುವೆ ದಾಟುವ ರೈಲಿನ
ಡಬ್ಬಿಗಳನ್ನು ಎಣಿಸುತ್ತಿದ್ದವಳು.
ಪ್ರಗತಿಪತ್ರದ ಷರಾ: ಬುದ್ಧಿವಂತೆ. ಸೋಮಾರಿ.

ಹದಿನೇಳು ತಿಂಗಳು ಕಾದ ಮೇಲೆ ಸಿಕ್ಕ ನರ್ಸು
ತಕ್ಕಡಿ ತೋರಿಸಲಿಲ್ಲ. ಕೇಳಿದಳು:
ಅರ್ಧ ಕುಡಿದು ಮರೆತ ಚಹಾ ಕಪ್ಪು
ಈಗ ನಿಮ್ಮ ಮನೆಯಲ್ಲಿ ಎಷ್ಟಿರಬಹುದು?
ಎಣಿಸುತ್ತ ಎಣಿಸುತ್ತ ಅತ್ತೆ. ಹನ್ನೊಂದು.
ನನ್ನಲ್ಲಿ ಆರು, ಎಂದಳು.
ಆಮೇಲೆ ಎಡಿಎಚ್‌ಡಿ ಎಂದು ಬರೆದ ಕಾಗದ ಬಂತು;
ಅದನ್ನೂ ಎಲ್ಲೋ ಇಟ್ಟಿದ್ದೇನೆ.

ಕಿಲೋ ಹೆಚ್ಚುಕಮ್ಮಿ ಅಷ್ಟೇ ಇದೆ. ಕೇಳಬೇಡಿ.
ನಿನ್ನೆ ಒಂದು ಗಂಟೆಗೆ ಫೋನು ಕಿರುಚಿತು,
ಲಾಕ್ಲನ್ ತನ್ನದೇ ಗಂಟಲಲ್ಲಿ ಇಟ್ಟ ಅಲಾರಂ:
ಅಮ್ಮಾ! ಸೂಪು!
ಕೌಂಟರಿನಾಚೆ ಕಪ್ಪು ಛತ್ರಿ ಹುಡುಕುತ್ತಿದ್ದವನಿಗೆ
ಹತ್ತು ನಿಮಿಷ, ಎಂದೆ.
ಕುರ್ಚಿ ಎಳೆದು ಕೂತೆ.
ಬಿಸಿಯಿತ್ತು.