ಕೊಟೇಶನ್ ಹಾಳೆಯ ಹಿಂಬದಿ

ಮುಂಬದಿಯಲ್ಲಿ ಮುಜಮ್ಮಿಲನ ಅಕ್ಷರ:
ಪ್ರೊಸೆಸರ್, ಬೋರ್ಡು, ರ‍್ಯಾಮು, ಕಾರ್ಡು,
ಕೂಡಿಸಿ ಕೆಳಗೆ ಎರಡು ಗೆರೆ.
ಒಂದು ಲಕ್ಷದ ಹದಿನೆಂಟು ಸಾವಿರದ ನಾನೂರು.
ನಾನೂರನ್ನು ಅವನೇ ಹೊಡೆದುಹಾಕಿದ್ದಾನೆ, ದಾಕ್ಷಿಣ್ಯಕ್ಕೆ.
ಹಿಂಬದಿ ಖಾಲಿ ಇತ್ತು.
ಮನೆಯ ಮಾತು ಕೊಂಕಣಿ, ಲೆಕ್ಕ ಮಾತ್ರ
ಮಗ್ಗಿ ಕಲಿತ ಕನ್ನಡದಲ್ಲೇ ಬರುತ್ತದೆ ನನಗೆ.

ಹಳೆಯ ಪೆಟ್ಟಿಗೆ ಸತ್ತಿದ್ದು ಉಪ್ಪಿನಿಂದ.
ಬೆನ್ನು ಬಿಚ್ಚಿದರೆ ಬೋರ್ಡಿನ ತುಂಬ
ಹಸಿರು ಕಿಲುಬು, ಹುಳಿ ಇಟ್ಟು ಮರೆತ ಚೊಂಬಿನ ಹಾಗೆ.
ಬೈತಖೋಲದ ಗಾಳಿ, ಕಿಟಕಿ ಮುಚ್ಚಿದರೂ
ಒಳಗೆ ಬಂದು ಕೂರುತ್ತದೆ, ತಿನ್ನುತ್ತದೆ:
ಗೇಟಿನ ಬಿಜಾಗರಿ, ಟ್ರೈಪಾಡಿನ ಕಾಲು,
ಹಾರ್ಡ್ ಡಿಸ್ಕಿನಲ್ಲಿದ್ದ ಕೋಡಿಬಾಗದ
ಅಂಡರ್‌ಆರ್ಮ್ ಸೆಮಿಫೈನಲ್ಲು, ಅರ್ಧ.

ಹಗಲು ಯಂತ್ರ ನನ್ನದು.
ಮಾಜಾಳಿಯ ರೋಸು, ಚೆಂಡಿಯಾದ ಮದುವೆ,
ಮೂರು ಕ್ಯಾಮರಾ, ಮತ್ತೆ
ನೇವಿಯವರು ಹಾರಿಸಲು ಬಿಡದ ಒಂದು ಡ್ರೋನು.
ರಾತ್ರಿ ತಂಗಿ ಲವೀನಾಳದು.
ಹಗಲೆಲ್ಲ ಸೊಸೈಟಿಯ ಕೌಂಟರಿನಲ್ಲಿ
ತಲೆ ತಗ್ಗಿಸಿ ಚಲನ್ ಹರಿಯುವವಳು
ಹತ್ತರ ಮೇಲೆ ಹೆಡ್‌ಫೋನು ಏರಿಸಿ
ಕಾಣದ ಊರುಗಳ ನಾಲ್ಕು ಹುಡುಗರಿಗೆ ಗದರುತ್ತಾಳೆ:
ಎಡಕ್ಕೆ, ಎಡಕ್ಕೆ, ಕುರುಡಾ!

ದುಡ್ಡು ಅರ್ಧರ್ಧ. ಜಗಳವೂ.
ಅವಳಿಗೆ ಕಾರ್ಡು ದೊಡ್ಡದಿರಬೇಕು,
ಗೋಡೆಯಾಚೆಯಿಂದ ಶತ್ರು ತಿರುಗುವಾಗ
ಚಿತ್ರ ತೊದಲಬಾರದು.
ನನಗೆ ರ‍್ಯಾಮು ಇಮ್ಮಡಿ ಬೇಕು,
ಮದುಮಗಳು ತಲೆಯೆತ್ತುವಾಗ
ತೊದಲಬಾರದು.
ಇಬ್ಬರದೂ ಒಂದೇ ಮಾತು.
ಆದರೂ ಮೂರು ದಿನ ಮಾತು ಬಿಟ್ಟೆವು,
ಸಾರು ಬಡಿಸುವಾಗ ಸೌಟಷ್ಟೇ ಸದ್ದು ಮಾಡಿತು.

ಮುಜಮ್ಮಿಲ ದನಿ ತಗ್ಗಿಸಿದ.
ಭಟ್ಕಳದ ಮಾವ ದುಬೈಯಿಂದ ತಂದ ಕಾರ್ಡೊಂದಿದೆ,
ಖರ್ಜೂರದ ಡಬ್ಬಗಳ ನಡುವೆ, ಬ್ಲಾಂಕೆಟ್ಟು ಸುತ್ತಿ,
ಮಗುವಿನ ಹಾಗೆ. ಹನ್ನೊಂದು ಸಾವಿರ ಕಮ್ಮಿ.
ವಾರಂಟಿ? ಕೇಳಿದೆ.
ಅವನು ಮೇಲೆ ನೋಡಿದ.
ಮೇಲೆ ಫ್ಯಾನು ತಿರುಗುತ್ತಿತ್ತು.

ಬಾಡಿಗೆ ಕೇಳಲು ಬಂದ ಗಿರಿಧರ ಮೇಸ್ತರು
ಬೋಟಿನ ಎಂಜಿನ್ನು ಬಿಚ್ಚುವವರು. ಬೋಟೆಲ್ಲ ದಡದಲ್ಲಿ,
ಮಳೆಗಾಲದ ಬಂದ್. ಕೈಗೆ ಕೆಲಸವಿಲ್ಲದೆ
ಕನ್ನಡಕ ಏರಿಸಿ ಹಾಳೆ ಓದಿದರು.
ಮಸಿ ಹಿಡಿದ ಬೆರಳು ಇಳಿಯುತ್ತ ಇಳಿಯುತ್ತ
ಕೊನೆಯ ಸಾಲಿನಲ್ಲಿ ನಿಂತಿತು:
ಪವರ್ ಸಪ್ಲೈ, ಎರಡು ಸಾವಿರದ ಇನ್ನೂರು.
"ಆರು ಸಿಲಿಂಡರಿನ ಎಂಜಿನ್ ಕೂರಿಸಿ
ಡೀಸೆಲ್ಲಿಗೆ ನಲ್ಲಿ ಪೈಪು ಹಾಕ್ತೀಯೇನೇ?
ನಡುನೀರಲ್ಲಿ ಕೈ ಕೊಡೋದು ಯಾವಾಗಲೂ
ಯಾರೂ ಹೆಸರು ಕೇಳದ ಭಾಗ."
ಮತ್ತೆ, ಮೆಟ್ಟಿಲಿಳಿಯುತ್ತ:
"ಗಾಳಿ ಬಿಟ್ಟರೆ ಉಪ್ಪು. ಬಿಡದಿದ್ದರೆ ಬಿಸಿ.
ಎರಡೂ ಕೊಲ್ತದೆ. ಯಾವುದು ಬೇಕು, ನೀವೇ ಹೇಳಿ."
ಬಾಡಿಗೆ ಕೇಳುವುದು ಮರೆತೇಹೋಯಿತು ಅವರಿಗೆ.

ಆ ರಾತ್ರಿ ಲವೀನಾ ಪೆನ್ನು ತೆಗೆದುಕೊಂಡಳು.
ಬಣ್ಣದ ದೀಪದ ಮೂರು ಫ್ಯಾನು, ಅವಳೇ ಆಸೆಪಟ್ಟಿದ್ದು,
ಅವಳೇ ಹೊಡೆದಳು. ಗಾಜಿನ ಪಕ್ಕೆ ಹೊಡೆದಳು.
ಜಾಲರಿಯ ಕ್ಯಾಬಿನೆಟ್ಟು ಸಾಕು,
ಒಳಗಡೆ ಹಳೆಯ ಸೊಳ್ಳೆಪರದೆ ಕತ್ತರಿಸಿ ಕಟ್ಟೋಣ,
ಶನಿವಾರಕ್ಕೊಮ್ಮೆ ಒಗೆಯೋಣ.
ದುಬೈ ಕಾರ್ಡು ಕೊಂಡೆವು.
ಮೇಲೆ ನೋಡುವುದು ನಮಗೂ ಬರುತ್ತದೆ.
ಉಳಿದದ್ದರಲ್ಲಿ ರ‍್ಯಾಮು, ಮೇಸ್ತರ ಮಾತಿನ ಸಪ್ಲೈ.

ಜೋಡಿಸಿದ ದಿನ
ಪ್ರೊಸೆಸರಿನ ನೆತ್ತಿಗೆ ಕಡಲೆಕಾಳಿನಷ್ಟು ಪೇಸ್ಟು,
ಸ್ಕ್ರೂ ಒಂದು ಉಳಿಯಿತು, ಎಲ್ಲಿಯದೋ ತಿಳಿಯಲಿಲ್ಲ.
ಗುಂಡಿ ಒತ್ತಿದರೆ ಗಾಳಿಯ ಸದ್ದು ಮಾತ್ರ, ಪರದೆ ಕಪ್ಪು.
ಮುಜಮ್ಮಿಲ ಬೆವರಿದ.
ಲವೀನಾ ರ‍್ಯಾಮು ಕಿತ್ತು, ಕೌಂಟರಿನಿಂದ ತಂದ ರಬ್ಬರಿನಿಂದ
ಅದರ ಚಿನ್ನದ ಹಲ್ಲು ಉಜ್ಜಿದಳು,
ತಪ್ಪು ಬಿದ್ದ ಮೊತ್ತ ಅಳಿಸುವ ಹಾಗೆ.
ಒಂದು ಸಣ್ಣ ಬೀಪು.

ಆಟ ಆಡಲಿಲ್ಲ ಅವಳು ಆವತ್ತು.
ಪಕ್ಕದಲ್ಲಿ ಕುರ್ಚಿ ಎಳೆದು ಕೂತಳು.
ಹಳೆಯ ಡಿಸ್ಕಿನಿಂದ ಸಿಕ್ಕಷ್ಟು ಸೆಮಿಫೈನಲ್ಲು
ತೊದಲದೆ ಓಡಿತು: ಕೊನೆಯ ಓವರು,
ಚೆಂಡು ಎದ್ದು, ಗೆರೆ ದಾಟಿ, ಸಮುದ್ರದ ಕಡೆಗೆ,
ಮೊಣಕಾಲು ನೀರಿನಲ್ಲಿ ಒಬ್ಬ ಹುಡುಗ
ಹಣೆಗೆ ಕೈಯಿಟ್ಟು ಮೇಲೆ ನೋಡುತ್ತ
"ಹಿಡಿದನಾ?"
ಗೊತ್ತಿಲ್ಲ. ಅಲ್ಲಿಂದ ಮುಂದೆ ಉಪ್ಪು.

ಬಾಕಿ:
ಮುಜಮ್ಮಿಲನಿಗೆ ಆರು ಸಾವಿರ.
ಮೇಸ್ತರಿಗೆ ಜೂನಿನ ಬಾಡಿಗೆ.
ಒಂದು ಸ್ಕ್ರೂ.