ಸಾಕ್ಷಿ ಹೇಳಲು ಕರೆದಾಗ

ಅಯ್ಯನವರು ಹೇಳಿದರು: ಈ ಭಾನುವಾರ ಆರಾಧನೆಯಲ್ಲಿ
ಎದ್ದು ನಿಂತು ಎರಡು ಮಾತು ಸಾಕ್ಷಿ ಹೇಳಮ್ಮ.
ಸಲೋಮಕ್ಕ ಆಗಲೇ ಕೇರಿಯೆಲ್ಲ ಸಾರಿ ಬಂದಿದ್ದಾಳೆ,
ದೇವದೂತರು ಇಳಿದು ಬಂದು ರೆಕ್ಕೆ ಮರೆಮಾಡಿದರಂತೆ.

ಕರ್ತನೇ, ನಿನಗೆ ಗೊತ್ತು,
ರೆಕ್ಕೆ ನಾನು ಕಾಣಲಿಲ್ಲ.
ಕಂಡದ್ದು ಟಾರ್ಪಾಲು. ಹಗ್ಗ ಹರಿದುಕೊಂಡು
ಆಕಾಶವೇ ಮಗ್ಗುಲಾದ ಹಾಗೆ, ನೀಲಿ ಟಾರ್ಪಾಲು.

ಸಂತೆಪೇಟೆ ದಾಟಿದ್ದೆ. ಬೆಳಗಿನ ಆರೂವರೆ, ಆಗಸ್ಟಿನ ಸೋನೆ.
ಸ್ಕೂಟರಿನ ಹಿಂದೆ ಜೆಮೀಮ, ಅವಳ ಮಡಿಲಲ್ಲಿ
ಸುಗ್ಗಿ ಹಬ್ಬಕ್ಕೆಂದು ನಾನು ಹೊಲಿದ ಮೇಜಿನ ಬಟ್ಟೆ:
ಅಂಚಿಗೆ ಗೋಧಿಯ ತೆನೆ, ಇನ್ನೂ ನಾಲ್ಕು ಕಾಳು ಬಾಕಿ.
ಮೊದಲು ಒಂದೇ ಒಂದು ಆಲೂಗಡ್ಡೆ ಉರುಳಿ ಬಂತು,
ಮಗು ಕೈಬಿಟ್ಟ ಚೆಂಡಿನ ಹಾಗೆ, ರಸ್ತೆಯ ನಡುವೆ.
ಆಮೇಲೆ ಲಾರಿಯೇ ಬಂತು.

ಮೂಟೆಗಳ ಕೆಳಗಿನ ಕತ್ತಲೆಗೆ ಅಗೆದ ಹೊಲದ ವಾಸನೆ.
ಬಾಯಲ್ಲಿ ಮಣ್ಣು. ಎಡಗೈ ಎಲ್ಲಿದೆಯೆಂದೇ ತಿಳಿಯದು.
ಸಂಡೆ ಸ್ಕೂಲಿನಲ್ಲಿ ಬಾಯಿಪಾಠ ಒಪ್ಪಿಸಿ
ಸ್ಟೀಲ್ ಲೋಟ ಬಹುಮಾನ ಪಡೆದ ಅಧ್ಯಾಯಗಳು
ಒಂದೂ ನಾಲಿಗೆಗೆ ಬರಲಿಲ್ಲ.
ಬಂದದ್ದು "ಅಪ್ಪಾ" ಅಷ್ಟೇ.
ನಿನ್ನನ್ನು ಕರೆದೆನೋ, ತೀರಿಹೋಗಿ ಹನ್ನೊಂದು ವರ್ಷವಾದ
ನಮ್ಮಪ್ಪನನ್ನು ಕರೆದೆನೋ, ಇವತ್ತಿಗೂ ಹೇಳಲಾರೆ.
ಓಗೊಟ್ಟವನು ನೀನೆಂದು ಹಿಡಿದುಕೊಂಡಿದ್ದೇನೆ.

ಹೊರಗೆ ಜನ ಸೇರಿದ ಸದ್ದು. ನಮಗಾಗಿ ಅಲ್ಲ.
ಚೀಲ ಕೊಡವುವ ಸದ್ದು, ಬಕೆಟ್ಟಿಗೆ ದಬದಬ ಬೀಳುವ ಗಡ್ಡೆ,
"ಈ ಕಡೆ ದಪ್ಪವು ಅವೆ, ಬಾರ್ಲಾ" ಎಂಬ ಕೂಗು.
ಅವರು ಬಾಚಿದಷ್ಟೂ ನನ್ನೆದೆಯ ಭಾರ ಇಳಿಯುತ್ತಿತ್ತು.
ಕಳ್ಳತನವೇ, ಕರ್ತನೇ. ಆದರೂ ಇಳಿಯುತ್ತಿತ್ತು.

ಒಬ್ಬ, ಗಡ್ಡೆಯೆಂದು ನನ್ನ ಹಿಮ್ಮಡಿ ಹಿಡಿದ.
"ಅಯ್ಯಯ್ಯೋ, ಕಾಲು ಕಣ್ರೋ!"
ಚೀಲ ಬಿಸಾಕಿದ. ಹತ್ತು ಬೆರಳಲ್ಲೂ ಕೆರೆದ,
ಮರಿ ಹುಗಿದುಹೋದ ನಾಯಿ ನೆಲ ಕೆರೆಯುವ ಹಾಗೆ.
ಮಗಳನ್ನು ಮೊದಲು ಎಳೆದ. ಅವಳು ಅತ್ತಳು.
ಅವಳು ಅತ್ತ ಮೇಲೆ ನಾನು ಉಸಿರಾಡಿದೆ.
ಉಗುರಿನ ತುಂಬ ಕೆಂಪು ಮಣ್ಣು, ಬೀಡಿಯ ಘಮಲು,
ಬಲಗೈಯ ಹೆಬ್ಬೆರಳಿಗೆ ರಕ್ತ.
ನಿನ್ನ ಕೈ ಹೇಗಿರುತ್ತದೆಂದು ಇನ್ನು ಯಾರಾದರೂ ಕೇಳಿದರೆ
ಇಷ್ಟು ಹೇಳಬಲ್ಲೆ.
ಹೆಸರು ಕೇಳುವಷ್ಟರಲ್ಲಿ ಪೊಲೀಸ್ ಜೀಪು ತಿರುಗಿತು.
ಬಿಸಾಕಿದ ಚೀಲ ಮತ್ತೆ ಹೆಗಲಿಗೇರಿಸಿ ಓಡಿದ.

ಇದನ್ನೆಲ್ಲ ಮೈಕಿನಲ್ಲಿ ಹೇಳಲೇ, ಅಯ್ಯನವರೇ?

ಲಾರಿಯ ಕ್ಲೀನರ್ ಹುಡುಗ ಇನ್ನೂ ದೊಡ್ಡಾಸ್ಪತ್ರೆಯಲ್ಲಿದ್ದಾನೆ,
ಸೊಂಟದ ಕೆಳಗೆ ಅರಿವಿಲ್ಲ. ಅವನ ತಾಯಿ
ಯಾವ ದೇವರಿಗೋ ಹರಕೆಯ ಕಾಸು ಸೆರಗಿನ ತುದಿಗೆ ಕಟ್ಟಿದ್ದಾಳೆ.
ನಿನ್ನೆ ಬ್ರೆಡ್ಡು, ಬಾಳೆಹಣ್ಣು ಒಯ್ದೆ. ಮಾತು ಹೊರಡಲಿಲ್ಲ.
ಅವಳೇ ನನ್ನ ಎಡಗೈಯ ಬ್ಯಾಂಡೇಜು ಸವರಿ
"ನೋವೈತಾ?" ಎಂದಳು.
ನನ್ನನ್ನು ಉಳಿಸಿದೆ ಎಂದು ಸ್ತೋತ್ರ ಹೇಳುವಾಗ
ಅವಳ ಕಿವಿಗೆ ಬೀಳದಿರಲಿ ಎನ್ನಿಸುತ್ತದೆ.
ಈ ಲೆಕ್ಕ ನನಗೆ ಹತ್ತುವುದಿಲ್ಲ. ನಿನ್ನ ಬಳಿಯೇ ಇರಲಿ.
ಸ್ತೋತ್ರವನ್ನಂತೂ ತಡೆಯಲಾರೆ: ಜೆಮೀಮ ಜಡೆ ಹೆಣೆಸಿಕೊಳ್ಳುವಾಗ,
ಹಾಲು ಉಕ್ಕುವಾಗ, ಸುಮ್ಮನೆ ನಲ್ಲಿಯಲ್ಲಿ ನೀರು ಬಂದಾಗ
ಬಿಕ್ಕಳಿಕೆಯಂತೆ ಬಂದುಬಿಡುತ್ತದೆ.

ಅವಳ ರೈನ್‌ಕೋಟು ಒದರಿದರೆ ಟೋಪಿಯೊಳಗೆ ಒಂದು ಗಡ್ಡೆ.
ಸುಗ್ಗಿ ಹಬ್ಬದ ಹರಾಜಿಗೆ ಅದನ್ನೇ ತೆಗೆದಿಟ್ಟಿದ್ದೇನೆ,
ಯಾರೋ ಬೆಳೆದದ್ದು, ಯಾರದೋ ಲಾರಿಯದ್ದು, ನನ್ನ ಪ್ರಥಮಫಲ.
ಬಂದ ಕಾಸು ದೊಡ್ಡಾಸ್ಪತ್ರೆಗೆ.
ಮೇಜಿನ ಬಟ್ಟೆಯ ಕಲೆ ಯಾವ ಸೋಪಿಗೂ ಹೋಗಲಿಲ್ಲ.
ಹಾಗೇ ಹಾಸೋಣ ಎಂದರು ಅಯ್ಯನವರು.

ಇವತ್ತು ಸ್ಕೂಟರು ತೆಗೆದೆ.
ಡೇರಿ ಸರ್ಕಲ್ಲಿನಲ್ಲಿ ಬೆನ್ನಿಗೇ ಲಾರಿಯ ಹಾರನ್ನು.
ಬೆರಳು ಬ್ರೇಕಿನ ಮೇಲೆ ಮರಗಟ್ಟಿದವು.
"ಹಿಡ್ಕೊಂಡಿದೀಯಾ?" ಎಂದೆ, ತಿರುಗಿ ನೋಡಲಾಗದೆ.
"ಹಿಡ್ಕೊಂಡಿದೀನಿ, ನಡಿ"
ಎಂದಿತು, ಬೆನ್ನ ಹಿಂದಿನ ದನಿ.