ಬಾಲದ ಕೆಲಸ

ಮಾನಪ್ಪ ಮೊದಲು ನಕ್ಕ.
"ವಿಮಾನ? ನಮ್ಮ ಬೆಟಗೇರ್ಯಾಗ?"
ಆಮೇಲೆ ಕೈ ಒರೆಸಿಕೊಂಡು ನಕ್ಷೆ ಇಸಕೊಂಡ,
ತಲೆಕೆಳಗು ಹಿಡಿದ, ತಿರುವಿ ಹಿಡಿದ, ಕೇಳಿದ:
"ಮಾರಿ ಬಿಟ್ಟು ಬಾಲದಿಂದ ಯಾಕ ಸುರು?"

ಸಣ್ಣದು, ಅಂದೆ. ತಪ್ಪಿದರೆ ತಪ್ಪೂ ಸಣ್ಣದು.
ಸುಳ್ಳು ಹೇಳಿದ್ದೆ.
ಬಾಲದಲ್ಲಿ ಒಂದು ಛಟಾಕು ಹೆಚ್ಚಾದರೆ
ಮೂಗಿಗೆ ಮೂರು ಛಟಾಕು ಸೀಸ ಕಟ್ಟಬೇಕು.

ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಹಲಗೆಗಳು,
ಯಾವುದೋ ಯಂತ್ರ ಹೊತ್ತು ಕಡಲು ದಾಟಿದ ಪೆಟ್ಟಿಗೆ,
ಹೆಸರು ಗೊತ್ತಿಲ್ಲದ ಬಿಳಿ ಮರ.
ಮಾನಪ್ಪ ಮೂಸಿದ, ಬೆರಳ ಗಣ್ಣಿನಿಂದ ಬಡಿದು ಕೇಳಿದ.
ನಾನು ಒಂದೊಂದರ ಮೇಲೂ ಒಂದು ಹನಿ ಶಾಯಿ ಬಿಟ್ಟೆ:
ಎಳೆ ಹೋದತ್ತ ಶಾಯಿ ಹೋಯಿತು.
ಹನ್ನೆರಡರಲ್ಲಿ ಮೂರು ನೆಟ್ಟಗೆ.
ಉಳಿದ ಒಂಬತ್ತು, "ತಗೋರಿ, ನಿಮಗ ಮಂಚ ಮಾಡಿ ಕೊಡತೇನಿ."

ಅವನದು ನಲವತ್ತು ವರ್ಷದ ಬಾಗಿಲು ಕೆಲಸ.
ಅವನ ಹೊಸ್ತಿಲು ಎತ್ತಲು ನಾಲ್ಕು ಆಳು ಬೇಕು.
ಭಾರವೆಂದರೆ ಮರ್ಯಾದೆ, ಭಾರವೆಂದರೆ ಮೊಮ್ಮಕ್ಕಳ ಕಾಲಕ್ಕೂ ಇರುವುದು.
ಅಂಥವನ ಕೈಗೆ ಕಾಲಿಂಚಿನ ಕಡ್ಡಿ ಕೊಟ್ಟು
ಇನ್ನೂ ಕೆತ್ತು ಅಂದೆ.
ಅಕ್ಕಸಾಲಿ ಅಳಿಯನ ತಕ್ಕಡಿ ತಂದು ತೂಗಿದೆವು.
ಎಡದ ಪಕ್ಕೆಲುಬಿಗಿಂತ ಬಲದ್ದು ಎರಡು ಗುಂಜಿ ಹೆಚ್ಚು.
ಅವನು ಮಾತಾಡಲಿಲ್ಲ. ಗಾಜಿನ ಚೂರು ತಗೊಂಡು
ಮಗುವಿನ ಉಗುರು ತೆಗೆಯುವಂತೆ
ಹೆರೆದ, ತೂಗಿದ, ಹೆರೆದ.

ನಾನು ಪ್ರೆಸ್ಸಿನವನು. ಇಪ್ಪತ್ತೆಂಟು ವರ್ಷ ಅಚ್ಚುಮೊಳೆ ಜೋಡಿಸಿದ್ದೇನೆ.
ಮಸುಕಾಗಿ ಅಚ್ಚಾಗಿ ರದ್ದಾದ ಕ್ಯಾಲೆಂಡರ್ ಹಾಳೆಗಳ ಮೇಲೆ
ತಿಥಿ ನಕ್ಷತ್ರ ಲೆಕ್ಕಿಸದೆ
ಪಕ್ಕೆಲುಬನ್ನು ಪೂರಾ ಅಳತೆಯಲ್ಲಿ ಬರೆದೆ.
ಮೇಲೆ ಮೇಣದ ಕಾಗದ, ಸುತ್ತ ಗೂಟ,
ನಡುವೆ ಕಡ್ಡಿ ಬಾಗಿಸಿ, ಮೂಲೆಗೆ ಪ್ಲೈವುಡ್ಡಿನ ತ್ರಿಕೋನ,
ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಅರವತ್ತು.
ಒಂದು ಕಡೆ ಮೇಣದ ಕಾಗದ ಹರಿದಿತ್ತು.
ಅಂಟಿಗೆ ಹಾಳೆ ಹತ್ತಿಕೊಂಡಿತು; ಎಷ್ಟು ಉಜ್ಜಿದರೂ
ಒಂದು ಚೂರು ಹೋಗಲಿಲ್ಲ.
ಮರೆಯಲ್ಲಿ ತಿರುವುಮುರುವಾಗಿ ಏನೋ ಇದೆ ಅಂದ.
ತಿರುವುಮುರುವು ಓದುವುದೇ ನನ್ನ ಕಸುಬು:
ಬಹುಳ ಏಕಾದಶಿ, ಮಂಗಳವಾರ.
"ಇರಲಿ ಬಿಡ್ರಿ," ಅಂದ, "ಅದು ಭಾರ ಆಗಂಗಿಲ್ಲ."

ಅಂಟು ಕಲಸಿದ ದಿನವೆಲ್ಲ ಒಂದು ತುಣುಕು
ಬೇರೆ ಅಂಟಿಸಿಡಬೇಕು, ಮುರಿಯಲೆಂದೇ.
ಮುರಿಯುವುದು ಅವನಿಂದಾಗಲಿಲ್ಲ.
"ನಾ ಜೋಡಿಸಿದ್ದು ನಾ ಯಾಕ ಮುರೀಲಿ?"
ವೈಸಿಗೆ ಸಿಕ್ಕಿಸಿ ನಾನೇ ಸುತ್ತಿಗೆ ಹಾಕಿದೆ.
ಹರಿದದ್ದು ಮರ. ಅಂಟಿನ ಗೆರೆ ಹಾಗೇ ಇತ್ತು.
ಅವನು ಎರಡು ಚೂರೂ ಆಯ್ದು
ಬೀಡಿ ಇಡುವ ಜೇಬಿಗೆ ಹಾಕಿಕೊಂಡ.

ಬಟ್ಟೆ ಹೊದಿಸಿ ಹೊಲಿದವಳು ನೇಕಾರ ಓಣಿಯ ಕಸ್ತೂರೆವ್ವ.
ಬೆರಳಂತರಕ್ಕೊಂದು ಗಂಟು, ಪಕ್ಕೆಲುಬಿಗೆ ಇಪ್ಪತ್ತು.
ಕೂಲಿ ಕೇಳಿದಳು, ಯಾರು ಕೂರತಾರ ಅಂತ ಕೇಳಲಿಲ್ಲ.

ಆಷಾಢದ ಒಂದು ಸಂಜೆ ಅಡ್ಡಬಾಲವನ್ನು
ಅವನ ಶೆಡ್ಡಿನಿಂದ ನನ್ನ ಪ್ರೆಸ್ಸಿನ ಹಿತ್ತಲಿಗೆ
ಇಬ್ಬರೇ ಹೊತ್ತು ಹೊರಟೆವು. ಟಂಟಂಗೆ ಹಿಡಿಸಲಿಲ್ಲ.
ರೈಲ್ವೆ ಸೇತುವೆಯ ಏರಿನಲ್ಲಿ ಗಾಳಿ.
ದೂರ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು,
ಮೆಣಸಿನಕಾಯಿ ಬಜ್ಜಿಯ ಬಂಡಿಯವನು ಸ್ಟವ್ವಿಗೆ ತಗಡು ಅಡ್ಡ ಇಡುತ್ತಿದ್ದ.
ಮಾನಪ್ಪ ಮುಂದೆ, ನಾನು ಹಿಂದೆ.
ಮುಂದಿನ ಅಂಚು ಒಂದು ಚೂರು ಮೇಲಾಗಿರಬೇಕು.

ಅವನು ನಿಂತ. ತಿರುಗದೆ ಕೇಳಿದ:
"ಪ್ರೆಸ್ಸಿನವರ, ನೀವು ಎತ್ತಾಕ ಹತ್ತೀರೇನು?"
ಇಲ್ಲ ಮಾನಪ್ಪ. ನೀನು?
"ನಾನೂ ಇಲ್ಲ."

ಲಾರಿಯೊಂದು ಗಾಳಿಗೆ ಅಡ್ಡ ಬಂದು ಹೋಯಿತು.
ಮೂರು ಕಿಲೋ ನಾನ್ನೂರು ಗ್ರಾಂ
ಮತ್ತೆ ನಮ್ಮ ಕೈಗೆ ಬಂತು.